ಎಸ್ಟೀಮಿಗೆ ಜ್ವರ ನೋಡಿದ ಒಂಬೈನೂರು ರೂಪಾಯಿಯ ಮೀಟರು

ವೋಲ್ಟು, ಓಮು (ಅಂದರೆ ವಿದ್ಯುತ್ತಿಗೆ ಇರುವ ತಡೆ) ಅಳೆಯುವ ಮಲ್ಟಿಮೀಟರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯವನು ಸಾವಿರದ ನೂರು ಹೇಳಿದ. ನಾನು ಎಂಟುನೂರು ಅಂದೆ. ಕೊನೆಗೆ ಒಂಬೈನೂರಕ್ಕೆ ಕುದುರಿತು, ಜೊತೆಗೆ ಚೌಕಾಕಾರದ ಒಂಬತ್ತು ವೋಲ್ಟ್ ಸೆಲ್ ಪುಕ್ಕಟೆ. ಆ ಪುಕ್ಕಟೆ ಸೆಲ್ಲೇ ಮುಂದೆ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೀಟರಿನ ಮೇಲೆ ಯಾವುದೋ ಒಂದು ಹೆಸರಿದೆ. ಪಕ್ಕದ ಅಂಗಡಿಯಲ್ಲಿ ಇದೇ ಮೀಟರು ಇನ್ನೊಂದು ಹೆಸರಿನಲ್ಲಿ ಕೂತಿತ್ತು. ಹಾಗಾಗಿ ಹೆಸರು ಬಿಡಿ. ಹಳದಿ ರಬ್ಬರ್ ಕವಚ, ಮಧ್ಯದಲ್ಲಿ ತಿರುಗಿಸುವ ದೊಡ್ಡ ಗುಂಡಿ, ಕೆಂಪು ಕಪ್ಪು ಎರಡು ಕಡ್ಡಿ, ವೈರು ಕಡಿದಿದೆಯಾ ನೋಡಲು ಕೀಂ ಅನ್ನುವ ಬಜರ್. ರೇಂಜ್ ಅನ್ನು, ಅಂದರೆ ಎಷ್ಟರವರೆಗೆ ಅಳೆಯಬೇಕು ಅನ್ನುವುದನ್ನು, ನಾವೇ ಕೈಯಲ್ಲಿ ತಿರುಗಿಸಿ ಹಾಕಬೇಕಾದ ಮಾದರಿ ಇದು.

ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮೆಕ್ಯಾನಿಕ್ ಅಲ್ಲ. ಮೀಟರ್ ಕೊಂಡಿದ್ದು ಅಪ್ಪನ 2004ರ ಮಾರುತಿ ಎಸ್ಟೀಮ್ ಕಾರಿಗೋಸ್ಕರ. 1298 ಸಿಸಿ, ಎಂಪಿಎಫ್ಐ ಎಂಜಿನ್, ಅಂದರೆ ಎಷ್ಟು ಪೆಟ್ರೋಲ್ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವಂಥದ್ದು. ಅಪ್ಪ ಇರುವವರೆಗೆ ಪೆಟ್ರೋಲ್ ಹಾಕಿಸಿದಾಗಲೆಲ್ಲ ಡೈರಿಯಲ್ಲಿ ಕಿಲೋಮೀಟರ್ ಬರೆಯುತ್ತಿದ್ದರು. ಆ ಡೈರಿಯ ಪ್ರಕಾರ ಹೈವೇಯಲ್ಲಿ ಲೀಟರಿಗೆ ಹದಿನಾಲ್ಕು. ಎರಡು ವರ್ಷದ ಹಿಂದೆ ನಾನು ಲೆಕ್ಕ ಹಾಕಿದಾಗ ಬಂದಿದ್ದು ಒಂಬತ್ತು. ಪೆಟ್ರೋಲ್ ನೂರು ದಾಟಿರುವ ಕಾಲದಲ್ಲಿ ಒಂಬತ್ತು ಅಂದರೆ ನಮ್ಮ ಯಜಮಾನರಿಗೆ ಕಾರು ಮಾರಲು ಒಳ್ಳೇ ನೆಪ ಸಿಕ್ಕ ಹಾಗೆ. ಬೆಳಿಗ್ಗೆ ಸ್ಟಾರ್ಟ್ ಆಗೋದರಲ್ಲಿ ಏನೂ ತೊಂದರೆ ಇರಲಿಲ್ಲ. ಬಿಸಿಯಾದ ಮೇಲೆ ಒಮ್ಮೆ ಆಫ್ ಮಾಡಿ ಮತ್ತೆ ಹಾಕಿದರೆ ಮಾತ್ರ ಮುನಿಸು. ಸೈಲೆನ್ಸರ್ ಬಾಯಿ ಕಾಡಿಗೆ ಹಚ್ಚಿದ ಹಾಗೆ ಕಪ್ಪು, ಹಿಂದೆ ನಿಂತವರಿಗೆ ಪೆಟ್ರೋಲ್ ವಾಸನೆ.

ಮೊದಲು ಹೋದ ಗ್ಯಾರೇಜಿನಲ್ಲಿ ನಾಲ್ಕೂ ಪ್ಲಗ್ ಬದಲಾಯಿಸಿದರು. ಆಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಓ2 ಸೆನ್ಸಾರ್. ಅದಕ್ಕೇ ಎರಡು ಸಾವಿರದ ಎಂಟುನೂರು. ಎರಡು ವಾರದಲ್ಲಿ ಹೊಸ ಪ್ಲಗ್ಗೂ ಕಪ್ಪಾಯಿತು. ಮತ್ತೆ ಹೋದರೆ, "ಮೇಡಂ, ಇಸಿಎಂ ಹೋಗಿದೆ. ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಒಂದು ಹನ್ನೆರಡು ಸಾವಿರದಲ್ಲಿ ಮಾಡ್ಕೊಡ್ತೀನಿ" ಅಂದರು. ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರ್. ಯಾವ ಮೀಟರ್ ಇಟ್ಟು ನೋಡಿದಿರಿ ಅಂತ ಕೇಳಿದೆ. "ಮೀಟರ್ ಯಾಕೆ ಮೇಡಂ, ಅನುಭವ" ಅಂತ ಉತ್ತರ ಬಂತು. ಆವತ್ತೇ ಮೀಟರ್ ಕೊಳ್ಳುವುದು ಅಂತ ತೀರ್ಮಾನ ಮಾಡಿದೆ.

ತಮ್ಮನಿಗೆ ವಿಷಯ ಹೇಳಿದಾಗ ಅವನು ತನ್ನ ಬ್ಲೂಟೂತ್ ಡಾಂಗಲ್ ತಂದ. ಅವನ ಕಾರು 2016ರದ್ದು. ಅದರಲ್ಲಿ ಆ ಡಾಂಗಲ್ ಚುಚ್ಚಿದರೆ ಫೋನಿನಲ್ಲಿ ಎಲ್ಲಾ ಬರುತ್ತದೆ, ಎಂಜಿನ್ ತಣ್ಣಗಿಡುವ ಕೂಲೆಂಟ್ ಎಷ್ಟು ಬಿಸಿ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಅಂತೆಲ್ಲ. ನಮ್ಮ ಎಸ್ಟೀಮ್ ಜೊತೆ ಅದು ಮಾತೇ ಆಡಲಿಲ್ಲ. ಅದು ಡಾಂಗಲ್‌ನ ತಪ್ಪಲ್ಲ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ (ಕಾರು ತನ್ನ ದೋಷ ತಾನೇ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಿಂದ, ಈಗಿನ ಓಬಿಡಿ-2 ಬಂದಿದ್ದು 2013ರಲ್ಲಿ. ಅದಕ್ಕಿಂತ ಹಳೆಯ ಕಾರಿನ ಕಂಪ್ಯೂಟರ್ ಆಯಾ ಕಂಪನಿಯ ಭಾಷೆಯಲ್ಲಿ ಮಾತಾಡುತ್ತದೆ. ನಿಮ್ಮ ಹತ್ತಿರ 2010ಕ್ಕಿಂತ ಮುಂಚಿನ ಮಾರುತಿ ಇದ್ದರೆ ಡಾಂಗಲ್ ಕೊಳ್ಳುವ ಮುಂಚೆ ಯಾರದ್ದಾದರೂ ತಂದು ಹಾಕಿ ನೋಡಿ.

ಹಾಗಂತ ಹಳೆಯ ಕಾರು ಪೂರ್ತಿ ಮೂಕ ಅಲ್ಲ. ನಮ್ಮೂರಿನ ಒಂದು ಆಟೊ ವೈರಿಂಗ್ ಅಂಗಡಿಯಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಾನೆ. ಕ್ಲಾಸಿನಲ್ಲಿ ಓಮ್‌ನ ನಿಯಮ ಹೇಳುವಾಗ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವನು. ಅವನು ಬಾನೆಟ್ ಎತ್ತಿ, ದೋಷ ಪತ್ತೆಗೆ ಅಂತ ಇರುವ ವೈರಿನ ಜೋಡಣೆ, ಡಯಾಗ್ನೋಸಿಸ್ ಕಪ್ಲರ್ ಹುಡುಕಿ, ಅದರ ಎರಡು ಪಿನ್ನಿಗೆ ಒಂದು ಜೆಮ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿದ. ಇಗ್ನಿಷನ್ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಮಿಣುಕಿತು. ಒಂದು ಸಲ. ಸ್ವಲ್ಪ ತಡೆದು ಎರಡು ಸಲ. ಮತ್ತೆ ಒಂದು, ಎರಡು.

"ಹನ್ನೆರಡು, ಮಿಸ್. ಹನ್ನೆರಡು ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ."

ಮೂವತ್ತೊಂದು, ಮೂವತ್ತೆರಡು ಬಂದಿದ್ದರೆ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರಿನ ತೊಂದರೆ. ಇಪ್ಪತ್ತೊಂದು, ಇಪ್ಪತ್ತೆರಡು ಥ್ರಾಟಲ್ ಪೊಸಿಷನ್. ಹದಿನಾಲ್ಕು, ಹದಿನೈದು ಕೂಲೆಂಟ್. ಯಾವುದೂ ಬರಲಿಲ್ಲ. ಕಾರು ಹೊಗೆ ಕಾರುತ್ತಿದೆ, ಕಂಪ್ಯೂಟರ್ ಮಾತ್ರ ನಾನು ಚೆನ್ನಾಗಿದ್ದೇನೆ ಅನ್ನುತ್ತಿದೆ. "ಇದು ಮೀಟರ್ ಇಟ್ಟೇ ನೋಡ್ಬೇಕು ಮಿಸ್" ಅಂದ ಹುಡುಗ. ಹಿಂದಿನ ಬೆಂಚಿನವನ ಬಾಯಲ್ಲಿ ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಈ ಕೋಡುಗಳಿಗೆ ಇರುವ ಮಿತಿ ಏನು ಅಂದರೆ, ವೈರು ಪೂರ್ತಿ ಕಡಿದು ಹೋದರೆ ಅಥವಾ ಶಾರ್ಟ್ ಆದರೆ ಮಾತ್ರ ಅವು ಏಳುತ್ತವೆ. ಸೆನ್ಸಾರ್ ಸುಳ್ಳು ಹೇಳಿದರೂ ಅದು ನಂಬುವಂಥ ಸುಳ್ಳಾಗಿದ್ದರೆ ಹಳೆಯ ಕಂಪ್ಯೂಟರ್ ನಂಬಿಬಿಡುತ್ತದೆ. ಕೂಲೆಂಟ್ ಸೆನ್ಸಾರ್ ಮೈನಸ್ 120 ಡಿಗ್ರಿ ಚಳಿ ಅಂದರೆ ಕೋಡ್ ಬರುತ್ತದೆ. ಎಂಜಿನ್ 85 ಡಿಗ್ರಿ ಇರುವಾಗ 50 ಅಂದರೆ, ಇರಬಹುದು ಅಂತ ಸುಮ್ಮನಾಗುತ್ತದೆ. 50 ಡಿಗ್ರಿ ಎಂಜಿನ್‌ಗೆ ಎಷ್ಟು ಬೇಕೋ ಅಷ್ಟು ಜಾಸ್ತಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ.

ಇನ್ನು ಮೀಟರ್ ವಿಷಯ. ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲೆಂಟ್ ಸೆನ್ಸಾರಿನ ಕಪ್ಲರ್ ಬಿಚ್ಚಿದೆ. ಇಗ್ನಿಷನ್ ಆಫ್ ಇರಬೇಕು, ಕಪ್ಲರ್ ಬಿಚ್ಚಿರಬೇಕು. ಕರೆಂಟ್ ಇರುವ ವೈರಿಗೆ ಓಮ್ಸ್ ರೇಂಜಿನಲ್ಲಿ ಕಡ್ಡಿ ಇಡಬಾರದು. ಗುಂಡಿಯನ್ನು 2000 ಓಮ್‌ಗೆ ತಿರುಗಿಸಿ ಸೆನ್ಸಾರಿನ ಎರಡು ಪಿನ್ನಿಗೆ ಕಡ್ಡಿ ಇಟ್ಟೆ. ಪರದೆಯ ಎಡತುದಿಯಲ್ಲಿ ಬರೀ "1" ಬಂತು. ಸೆನ್ಸಾರ್ ಸತ್ತೇ ಹೋಗಿದೆ ಅಂತ ಒಂದು ಕ್ಷಣ ಸಂಭ್ರಮವೂ ಆಯಿತು! ಆದರೆ ಆ ಒಂಟಿ ಒಂದಕ್ಕೆ ಅರ್ಥ ಬೇರೆ. ಅಳತೆ ಈ ರೇಂಜಿಗಿಂತ ಜಾಸ್ತಿ ಇದೆ, ಮುಂದಿನದಕ್ಕೆ ಹೋಗು ಅಂತ. 20ಕೆ ರೇಂಜಿಗೆ ಹಾಕಿದಾಗ 2.48 ಬಂತು. ಮೀಟರಿನ ಜೊತೆ ಬರುವ ಕಾಗದದಲ್ಲಿ ಇದನ್ನು ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು. ಹೊಸದಾಗಿ ಮೀಟರ್ ಹಿಡಿದವರು ಆ "1" ನೋಡಿ ಎಷ್ಟು ಒಳ್ಳೆಯ ಸೆನ್ಸಾರುಗಳನ್ನು ಬಿಸಾಡಿದ್ದಾರೋ.

2.48 ಕಿಲೊ ಓಮ್. ಆವತ್ತು ಬೆಳಿಗ್ಗೆ 24 ಡಿಗ್ರಿ. ಈ ಬಗೆಯ ಸೆನ್ಸಾರ್ 20 ಡಿಗ್ರಿಯಲ್ಲಿ ಸುಮಾರು 2.45 ತೋರಿಸಬೇಕು, ಬಿಸಿಯಾದಷ್ಟೂ ಇಳಿಯಬೇಕು. 24ಕ್ಕೆ ಸುಮಾರು 2.1 ಸಾಕು. ಸ್ವಲ್ಪ ಜಾಸ್ತಿ ಇದೆ, ಆದರೆ ತಲೆ ಕೆಡಿಸಿಕೊಳ್ಳುವಷ್ಟು ಅಲ್ಲ. ನಾಲ್ಕು ಡಿಗ್ರಿಯ ಲೆಕ್ಕ. ಯಾರಾದರೂ ಇಲ್ಲಿಗೆ ನಿಲ್ಲಿಸಿ "ಸೆನ್ಸಾರ್ ಓಕೆ" ಅಂದುಬಿಡುತ್ತಿದ್ದರು.

ನಾನು ನಿಲ್ಲಿಸಲಿಲ್ಲ, ಅಡುಗೆಮನೆಗೆ ಹೋದೆ. ಸೆನ್ಸಾರನ್ನೇ ಬಿಚ್ಚಿದ್ದೆ. ಸ್ವಲ್ಪ ಕೂಲೆಂಟ್ ಸುರಿಯಿತು, ಕೆಳಗೆ ಹಳೇ ಬಟ್ಟೆ ಇಟ್ಟಿದ್ದರಿಂದ ಬಚಾವ್. ಅಮ್ಮ ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಹಾಕಿ, ಮೇಲೆ ಒಂದು ಸೌಟು ಅಡ್ಡ ಇಟ್ಟು, ಅದಕ್ಕೆ ದಾರ ಕಟ್ಟಿ ಸೆನ್ಸಾರನ್ನು ಇಳಿಬಿಟ್ಟೆ. ಹಿತ್ತಾಳೆ ತಲೆ ಮಾತ್ರ ನೀರಿನಲ್ಲಿ. ಪಿನ್ನು ಒಣಗಿರಬೇಕು, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಶಾಲೆಯ ಲ್ಯಾಬಿನ ಥರ್ಮಾಮೀಟರ್. ಸಣ್ಣ ಉರಿ.

"ಏನೇ ಅದು ನನ್ನ ಹಾಲಿನ ಪಾತ್ರೇಲಿ?"

"ಕಾರಿಂದು ಅಮ್ಮ. ಜ್ವರ ನೋಡ್ತಿದೀನಿ."

ಅಮ್ಮ ಮುಂದೆ ಏನೂ ಹೇಳಲಿಲ್ಲ. ಅಪ್ಪನ ಕಾರು ಅಂತ ಇರಬೇಕು.

40 ಡಿಗ್ರಿಯಲ್ಲಿ 1530 ಓಮ್. ಇರಬೇಕಾದ್ದು 1150ರ ಹತ್ತಿರ. 60ರಲ್ಲಿ 960, ಇರಬೇಕಾದ್ದು 580. 80ರಲ್ಲಿ 700, ಇರಬೇಕಾದ್ದು 320. ಅಷ್ಟು ಬರೆದುಕೊಂಡು ಗ್ಯಾಸ್ ಆಫ್ ಮಾಡಿದೆ. ಹಾಸನ ಸಮುದ್ರಕ್ಕಿಂತ ಒಂಬೈನೂರು ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 97ರ ಸುಮಾರಿಗೇ ಕುದಿಯುತ್ತದೆ. ಕುದಿಸಿ ಅದನ್ನು 100 ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಆ ಅಂಕಿಗಳನ್ನು ನೀವೇ ಕಳೆದು ನೋಡಿ. ಎಲ್ಲಾ ಕಡೆ ಒಂದೇ ವ್ಯತ್ಯಾಸ, 380 ಓಮ್. ತಣ್ಣಗಿದ್ದಾಗಲೂ ಅಷ್ಟೇ, ಬಿಸಿಯಲ್ಲೂ ಅಷ್ಟೇ. ಅಂದರೆ ಬಿಸಿ ಅಳೆಯುವ ಭಾಗ ಚೆನ್ನಾಗಿಯೇ ಇದೆ. ಅದರ ಜೊತೆ ಸಾಲಿನಲ್ಲಿ ಎಲ್ಲೋ ಒಂದು ಕೊಳೆತ ಜೋಡಣೆ ಕೂತು 380 ಓಮ್ ಸೇರಿಸುತ್ತಿದೆ. ಪಿನ್ನುಗಳಲ್ಲಿ ಹಸಿರು ಕಿಲುಬು ಇತ್ತು. ಉಪ್ಪುಕಾಗದದಿಂದ ಉಜ್ಜಿ ನೋಡಿದೆ, ಅಂಕಿ ಅಲ್ಲಾಡಲಿಲ್ಲ. ತೊಂದರೆ ಒಳಗೇ ಇತ್ತು. ತಣ್ಣಗಿರುವಾಗ ಎರಡು ಸಾವಿರದ ಮೇಲೆ 380 ಸೇರಿದರೆ ನಾಲ್ಕು ಡಿಗ್ರಿ ತಪ್ಪು. 80 ಡಿಗ್ರಿಯಲ್ಲಿ 320ರ ಮೇಲೆ 380 ಸೇರಿದರೆ ಕಂಪ್ಯೂಟರಿಗೆ ಎಂಜಿನ್ 55ರ ಆಸುಪಾಸು ಕಾಣುತ್ತದೆ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಯಾಕೆ ಮುನಿಸು ಅನ್ನೋದು ಅಲ್ಲಿ ಗೊತ್ತಾಯಿತು.

ಡ್ಯಾಶ್‌ಬೋರ್ಡಿನ ಸೂಜಿ ಎಂದಿನಂತೆ ಮಧ್ಯದಲ್ಲೇ ಇತ್ತಲ್ಲ ಅಂತ ನೀವು ಕೇಳಬಹುದು. ಹಳೆಯ ಬಹಳಷ್ಟು ಕಾರುಗಳಲ್ಲಿ ಆ ಸೂಜಿಗೆ ಒಂದು ಸೆನ್ಸಾರ್, ಕಂಪ್ಯೂಟರಿಗೆ ಇನ್ನೊಂದು. ಸೂಜಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ಒಂಬೈನೂರರ ಮೀಟರಿನ ಮಾತು ಕೇಳಿ ಸಾಮಾನು ಕೊಳ್ಳುವ ಮುಂಚೆ ಮೀಟರನ್ನೇ ಪರೀಕ್ಷೆ ಮಾಡಿದೆ. ಲ್ಯಾಬಿನಲ್ಲಿ ಒಂದು ಕಿಲೊ ಓಮ್‌ನ ಒಳ್ಳೆಯ ರೆಸಿಸ್ಟರ್ ಇದೆ. ಮೀಟರ್ 998 ತೋರಿಸಿತು. ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೆ ಅರ್ಧ ಓಮ್. ಈ ಬೆಲೆಗೆ ಇದಕ್ಕಿಂತ ಇನ್ನೇನು ಬೇಕು. ಹೊಸ ಸೆನ್ಸಾರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಐನೂರರ ಒಳಗೆ ಸಿಕ್ಕಿತು. ಅದನ್ನೂ ಹಾಕುವ ಮುಂಚೆ ಅದೇ ಪಾತ್ರೆಯಲ್ಲಿ ಇಳಿಬಿಟ್ಟೆ. 80ರಲ್ಲಿ 322. ಹಾಕಿ, ಕೂಲೆಂಟ್ ತುಂಬಿಸಿ, ಮೂರು ಟ್ಯಾಂಕ್ ಓಡಿಸಿದೆ. ಲೀಟರಿಗೆ ಹದಿಮೂರೂವರೆ. ಅಪ್ಪನ ಡೈರಿಯಲ್ಲೇ ಅವರ ಕೊನೆಯ ಸಾಲಿನ ಕೆಳಗೆ ಬರೆದೆ.

ಈಗ ಆ ಪುಕ್ಕಟೆ ಸೆಲ್ಲಿನ ಕಥೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಕಾರಿನ ಬ್ಯಾಟರಿ ನೋಡಿದರೆ, ಎಂಜಿನ್ ಆಫ್ ಇರುವಾಗ 14.9 ವೋಲ್ಟ್! ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ಇರುವಾಗ 12.6ರ ಆಸುಪಾಸು ಇರುತ್ತದೆ. ಎಂಜಿನ್ ಓಡುವಾಗ ಹದಿನಾಲ್ಕು ಚಿಲ್ಲರೆ. ಆಫ್ ಇರುವಾಗ 14.9 ಬರಲು ಸಾಧ್ಯವೇ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಗ್ಗೆ ಅರ್ಧ ದಿನ ಓದಿದೆ. ಆಮೇಲೆ ಪರದೆಯ ಮೂಲೆಯಲ್ಲಿ ಇರುವೆ ಗಾತ್ರದ ಸೆಲ್ ಚಿತ್ರ ಕಣ್ಣಿಗೆ ಬಿತ್ತು. ಇಂಥ ಮೀಟರುಗಳಲ್ಲಿ ಒಳಗಿನ ಸೆಲ್ ಇಳಿದರೆ ಅಂಕಿ ಮೇಲೆ ಹೋಗುತ್ತದೆ. ಮೀಟರ್ ಸುಮ್ಮನಾಗುವುದಿಲ್ಲ, ಮೊದಲಿನ ಹಾಗೇ ಧೈರ್ಯವಾಗಿ ತಪ್ಪು ಹೇಳುತ್ತದೆ. ನನ್ನ ದೊಡ್ಡ ದೂರು ಇದು. ಸೆಲ್ ಬದಲಾಯಿಸಲು ಹಿಂದಿನ ಎರಡು ಸ್ಕ್ರೂ ಬಿಚ್ಚಬೇಕು. ಆ ಸ್ಕ್ರೂ ಪ್ಲಾಸ್ಟಿಕ್‌ಗೆ ನೇರವಾಗಿ ಕೂತಿದೆ, ಮೂರನೇ ಸಲ ಬಿಚ್ಚುವಾಗ ಹಲ್ಲು ಹೋಯಿತು. ಈಗ ರಬ್ಬರ್ ಬ್ಯಾಂಡ್ ಹಾಕಿದ್ದೇನೆ.

ಎರಡನೇ ದೂರು ಕಡ್ಡಿಗಳದ್ದು. ತುದಿ ತುಂಬಾ ದಪ್ಪ. ಸೆನ್ಸಾರ್ ಕಪ್ಲರ್ ಹಾಕಿರುವಾಗಲೇ ವೋಲ್ಟ್ ನೋಡಬೇಕಾದರೆ ಹಿಂದಿನಿಂದ, ವೈರು ಒಳಗೆ ಹೋಗುವ ರಬ್ಬರ್ ಪಕ್ಕದಿಂದ ಚುಚ್ಚಬೇಕು. ಈ ಕಡ್ಡಿ ಅಲ್ಲಿ ಹೋಗುವುದೇ ಇಲ್ಲ. ಹುಡುಗ ತೋರಿಸಿದ ಉಪಾಯ ಗುಂಡುಪಿನ್ನು. ಪಿನ್ನು ಒಳಗೆ ತೂರಿಸಿ ಅದಕ್ಕೆ ಕಡ್ಡಿ ತಾಗಿಸುವುದು. ವೈರಿನ ಮೈಗೆ ಮಾತ್ರ ಚುಚ್ಚಬೇಡಿ. ನಮ್ಮ ಮಲೆನಾಡಿನ ಕಡೆಯ ಮಳೆಗೆ ಆ ಸಣ್ಣ ತೂತಿನಲ್ಲಿ ನೀರು ಹೋಗಿ ಒಳಗಿನ ತಾಮ್ರ ಹಸಿರಾಗುತ್ತದೆ. ಇನ್ನು ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಸೆನ್ಸಾರ್ ವೈರಿಗೆ ಇಡುವವರನ್ನು ಕಂಡರೆ ಕಾರನ್ನು ಅಲ್ಲಿಂದ ತಂದುಬಿಡಿ. ಬಲ್ಬ್ ಎಳೆಯುವ ಕರೆಂಟಿಗೆ ಒಳ್ಳೆಯ ಇಸಿಎಂ ಕೂಡ ಕೆಡಬಹುದು.

ಥ್ರಾಟಲ್ ಸೆನ್ಸಾರ್ ನೋಡಲು ಈ ಮೀಟರ್ ಅರ್ಧ ಸಾಕು. ಇಗ್ನಿಷನ್ ಆನ್, ಎಂಜಿನ್ ಆಫ್. ಥ್ರಾಟಲನ್ನು ಕೈಯಲ್ಲಿ ನಿಧಾನ ತೆರೆದರೆ ಒಂದು ವೋಲ್ಟಿನ ಒಳಗಿಂದ ನಾಲ್ಕರ ಹತ್ತಿರದವರೆಗೆ ನುಣ್ಣಗೆ ಏರಬೇಕು. ಮಧ್ಯದಲ್ಲಿ ಸವೆದ ಜಾಗ ಇದ್ದರೆ ಒಂದು ಕ್ಷಣ ಬಿದ್ದು ಮತ್ತೆ ಏಳುತ್ತದೆ. ಡಿಜಿಟಲ್ ಅಂಕಿ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುವುದರಿಂದ ಆ ಬೀಳುವಿಕೆ ಕಣ್ಣು ತಪ್ಪಿಸಿಕೊಳ್ಳುತ್ತದೆ. ಇದಕ್ಕೆ ಹಳೇ ಕಾಲದ ಮುಳ್ಳಿನ ಮೀಟರೇ ವಾಸಿ, ಮುಳ್ಳು ಅದುರುವುದು ಕಾಣುತ್ತದೆ. ಆದರೆ ಮುಳ್ಳಿನ ಮೀಟರನ್ನು ಓ2 ಸೆನ್ಸಾರಿಗೆ ಇಡಬೇಡಿ. ಅದರ ಸಿಗ್ನಲ್ ಬಹಳ ದುರ್ಬಲ, ಅಳತೆಯೇ ತಪ್ಪುತ್ತದೆ.

ಓ2 ಸೆನ್ಸಾರ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟಿನ ಮಧ್ಯೆ ಮೇಲೆ ಕೆಳಗೆ ಓಡುತ್ತಿರಬೇಕು. ಈ ಮೀಟರಿನಲ್ಲಿ 0.2, 0.7, 0.3 ಅಂತ ಕುಣಿದರೆ ಜೀವ ಇದೆ ಅಂತ ಗೊತ್ತಾಗುತ್ತದೆ. ಎಷ್ಟು ಚುರುಕು ಅಂತ ಗೊತ್ತಾಗುವುದಿಲ್ಲ. ನಮ್ಮ ಗ್ಯಾರೇಜಿನವರು ತೆಗೆದು ಕೊಟ್ಟಿದ್ದ ಹಳೆಯ ಓ2 ಸೆನ್ಸಾರನ್ನು ಇಟ್ಟುಕೊಂಡಿದ್ದೆ. ಕೂಲೆಂಟ್ ಸೆನ್ಸಾರ್ ಸರಿಯಾದ ಮೇಲೆ ಅದನ್ನೇ ಮತ್ತೆ ಹಾಕಿ ನೋಡಿದೆ, ಚೆನ್ನಾಗಿ ಕುಣಿಯಿತು. ಪಾಪ, ಪೆಟ್ರೋಲ್ ಜಾಸ್ತಿ ಅಂತ ಅದು ಮೊದಲಿಂದ ಹೇಳುತ್ತಲೇ ಇದ್ದಿರಬೇಕು. ಎಂಜಿನ್ ಬಿಸಿಯಾಗಿದೆ ಅಂತ ನಂಬುವವರೆಗೆ ಕಂಪ್ಯೂಟರ್ ಅದರ ಮಾತು ಕೇಳುವುದಿಲ್ಲ. ಗ್ಯಾರೇಜಿನವರೂ ಕೇಳಲಿಲ್ಲ. ಎರಡು ಸಾವಿರದ ಎಂಟುನೂರು ಹೋಯಿತು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮ್ಯಾಪ್ ಸೆನ್ಸಾರ್. ಅದು ಗಾಳಿಯ ಒತ್ತಡ ಅಳೆಯುತ್ತದೆ. ಎಂಜಿನ್ ಆಫ್, ಇಗ್ನಿಷನ್ ಆನ್ ಇದ್ದಾಗ ಅದು ತೋರಿಸುವುದು ಊರಿನ ಗಾಳಿಯ ಒತ್ತಡವನ್ನೇ. ಹಾಸನದ ಮನೆ ಮುಂದೆ 3.58 ವೋಲ್ಟ್. ದಸರಾ ರಜೆಯಲ್ಲಿ ದೊಡ್ಡಮ್ಮನ ಮನೆಗೆ ಮಂಗಳೂರಿಗೆ ಹೋದೆವು. ಸಕಲೇಶಪುರ ದಾಟಿ, ಶಿರಾಡಿ ಘಾಟ್ ಇಳಿದು, ಕೈಕಾಲು ತೊಳೆಯುವ ಮುಂಚೆಯೇ ಅಂಗಳದಲ್ಲಿ ಬಾನೆಟ್ ಎತ್ತಿದೆ. 4.01! ಸಮುದ್ರ ಮಟ್ಟದಲ್ಲಿ ಒತ್ತಡ ಸುಮಾರು 101 ಕಿಲೊಪ್ಯಾಸ್ಕಲ್, ನಮ್ಮ ಎತ್ತರದಲ್ಲಿ 90ರ ಸುಮಾರು. ಅದೇ ಲೆಕ್ಕದಲ್ಲಿ ವೋಲ್ಟ್ ಏರಿದೆ. "ಬಂದವಳು ಮೊದಲು ಕಾಫಿ ಕುಡಿ ಮಾರಾಯ್ತಿ" ಅಂತ ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ಪುಸ್ತಕದಲ್ಲಿ ಮ್ಯಾಪ್ ಸೆನ್ಸಾರಿಗೆ ಬರೆದಿರುವ ವೋಲ್ಟ್ ಹೆಚ್ಚಾಗಿ ಸಮುದ್ರ ಮಟ್ಟದ್ದು. ಬೆಂಗಳೂರು, ಹಾಸನ, ಚಿಕ್ಕಮಗಳೂರಿನವರು ಸ್ವಲ್ಪ ಕಡಿಮೆ ಬಂತು ಅಂತ ಸೆನ್ಸಾರ್ ಬದಲಾಯಿಸಲು ಓಡಬೇಡಿ.

ಮಾರ್ಕ್ಸ್ ಕೊಡು ಅಂದರೆ ಈ ಮೀಟರಿಗೆ ಐದಕ್ಕೆ ಮೂರೂವರೆ. ಸ್ಕ್ರೂಗೆ ಅರ್ಧ ಕಟ್, ಕಡ್ಡಿಗೆ ಅರ್ಧ, ಸೆಲ್ ಇಳಿದಾಗ ಸುಳ್ಳು ಹೇಳಿದ್ದಕ್ಕೆ ಅರ್ಧ. ಇನ್ನೊಂದು ಐನೂರು ಹಾಕಿದರೆ ರೇಂಜ್ ಅನ್ನು ತಾನೇ ಹುಡುಕುವ ಮೀಟರ್ ಸಿಗುತ್ತದೆ. ಆ ಒಂಟಿ "1"ರ ಕಾಟ ಇರುವುದಿಲ್ಲ. ಈಗ ಕೊಳ್ಳುವುದಾದರೆ ಅದನ್ನೇ ಕೊಳ್ಳುತ್ತಿದ್ದೆ.

ಲೆಕ್ಕದಲ್ಲಿ ಇನ್ನೊಂದು ಖರ್ಚು ಸೇರಿಸಿ. ಸೆನ್ಸಾರಿಗೆ ಅಂಟಿದ್ದ ಕೂಲೆಂಟ್ ವಿಷ, ರುಚಿ ಸಿಹಿ ಬೇರೆ. ಚೆಲ್ಲಿದ್ದನ್ನು ನಾಯಿ ನೆಕ್ಕದ ಹಾಗೆ ತೊಳೆದುಬಿಡಬೇಕು. ಆ ಪಾತ್ರೆಯಲ್ಲಿ ಮತ್ತೆ ಹಾಲು ಕಾಯಿಸುವ ಹಾಗಿಲ್ಲ ಅಂತ ಅಮ್ಮನಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೊಸ ಪಾತ್ರೆಗೆ ಮುನ್ನೂರ ಐವತ್ತು ಆಯಿತು. ಹಳೆಯದು ಈಗ ಎಸ್ಟೀಮಿನ ಡಿಕ್ಕಿಯಲ್ಲಿ, ಜಾಕ್ ಪಕ್ಕದಲ್ಲಿ, ಸೌಟಿನ ಸಮೇತ ಕೂತಿದೆ.